ಮಂಗಳವಾರ, ಶುಕ್ರವಾರ ಸ್ಟಾರ್ಟ್ ಆಗದ ಕಾರು

ನಮ್ಮ ಕಡೆ ಹಳೇ ಕಾರು ಇಟ್ಟುಕೊಂಡವರು ಅದನ್ನು ಸಮತಟ್ಟಿನ ಮೇಲೆ ನಿಲ್ಲಿಸುವುದಿಲ್ಲ. ಮೂತಿ ಇಳಿಜಾರಿಗೆ ಮಾಡಿ, ಮುಂದಿನ ಚಕ್ರಕ್ಕೊಂದು ಕಲ್ಲು ಕೊಟ್ಟು ನಿಲ್ಲಿಸುತ್ತೇವೆ. ಬೆಳಿಗ್ಗೆ ಕೀ ತಿರುಗಿಸಿದಾಗ ಹತ್ತಿದರೆ ಸರಿ. ಹತ್ತದಿದ್ದರೆ ಕಲ್ಲು ತೆಗೆದು, ಎರಡನೇ ಗೇರಿಗೆ ಹಾಕಿ, ಕ್ಲಚ್ ಒತ್ತಿ, ಹ್ಯಾಂಡ್ ಬ್ರೇಕ್ ಬಿಡುವುದು. ನಾಲ್ಕು ಮಾರು ಉರುಳಿದ ಮೇಲೆ ಕ್ಲಚ್ ಬಿಟ್ಟರೆ ಒಂದು ಸಲ ಎಗರಿ ಬೀಳುತ್ತದೆ, ಆಮೇಲೆ ಇಂಜಿನ್ ಹಿಡಿಯುತ್ತದೆ. ಇದು ಎಲ್ಲರಿಗೂ ಗೊತ್ತು. ಇದರಿಂದಲೇ ನಮ್ಮ ಕಾರುಗಳ ಕಾಯಿಲೆ ನಮಗೆ ತಡವಾಗಿ ತಿಳಿಯುತ್ತದೆ. ಇಳಿಜಾರು ಇರುವ ತನಕ ಯಾರೂ ಬಾನೆಟ್ ಎತ್ತಿ ನೋಡುವುದಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಕಾರು ಕಲಿತಿದ್ದು ನಲವತ್ತಾರನೇ ವಯಸ್ಸಿಗೆ, ನನ್ನ ಗಂಡನ ಕಣ್ಣಿಗೆ ಪೊರೆ ಬಂದಾಗ. ಅವರು ಪಕ್ಕದಲ್ಲಿ ಕೂತು ಬೈಯುತ್ತಾ ಕಲಿಸಿದರು. ಅವರು ಹೋದ ಮೇಲೆ ಕಾರು ನನಗೇ ಉಳಿಯಿತು. ಒಂದು ಕಾಲಕ್ಕೆ ಬಿಳೀ ಬಣ್ಣ ಇತ್ತು. ಈಗ ಯಾವ ಬಣ್ಣ ಅಂತ ಕೇಳಿದರೆ ಹೇಳುವುದು ಕಷ್ಟ. ಪೆಟ್ರೋಲ್ ಗಾಡಿ. ಇಪ್ಪತ್ತೈದು ವರ್ಷದ ಹತ್ತಿರ ಆಗಿದೆ.

ಮನೆ ಆಲ್ದೂರಿನಿಂದ ಒಳಗೆ, ಕಾಫಿ ತೋಟದ ಮಧ್ಯೆ. ಮನೆಯಲ್ಲಿ ನಾನು, ಮಗ, ಸೊಸೆ, ಎರಡು ಮೊಮ್ಮಕ್ಕಳು, ಮತ್ತೆ ನನ್ನ ನಾದಿನಿ. ನಾದಿನಿ ಅಂದರೆ ನನ್ನ ಗಂಡನ ತಂಗಿ. ಅವಳ ಗಂಡ ತೀರಿಕೊಂಡ ಮೇಲೆ ತಿರುಗಿ ಅಣ್ಣನ ಮನೆಗೆ ಬಂದವಳು. ಬಂದ ದಿನವೇ ನನ್ನ ಸಾರಿಗೆ ಉಪ್ಪು ಜಾಸ್ತಿ ಅಂದಳು. ಅವತ್ತಿನಿಂದ ಇಬ್ಬರಿಗೂ ಮಾತಿಗೆ ಮಾತು. ಬೇರೆಯವರ ಎದುರು ಒಬ್ಬರನ್ನೊಬ್ಬರು ಬಿಟ್ಟುಕೊಟ್ಟಿದ್ದಿಲ್ಲ. ಅಷ್ಟೇ ನಮ್ಮ ಪ್ರೀತಿ.

ಸಕ್ಕರೆ ಕಾಯಿಲೆ ಅವಳ ಎರಡೂ ಕಿಡ್ನಿಯನ್ನು ತಿಂದಿತು. ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಮೆಷಿನ್ನಿಗೆ ಹಾಕಬೇಕು. ನಾಲ್ಕು ಗಂಟೆ ರಕ್ತ ತೆಗೆದು ತೊಳೆದು ಒಳಗೆ ಬಿಡುತ್ತಾರೆ. ಬೆಳಿಗ್ಗೆ ಎಂಟಕ್ಕೆ ಅಲ್ಲಿರಬೇಕು. ತಡವಾದರೆ ಆ ಮೆಷಿನ್ನಿಗೆ ಇನ್ನೊಬ್ಬರು ಕಾಯುತ್ತಿರುತ್ತಾರೆ. ತಪ್ಪಿದರೆ ನೀರು ಕಾಲಿಗೆ ಇಳಿಯುತ್ತದೆ, ಆಮೇಲೆ ಎದೆಗೆ ಏರುತ್ತದೆ. ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದ್ದರು. "ಒಂದು ಸಲ ತಪ್ಪಿದ್ರೆ ಹೇಗಾದ್ರೂ ನೋಡ್ಕೊಳ್ಳೋಣ ಅಜ್ಜಿ. ಎರಡು ಸಲ ತಪ್ಪಿದ್ರೆ ನನ್ನ ಕೇಳಬೇಡಿ."

ಹಣ್ಣು ಕೊಯ್ಯುವ ಕಾಲದಲ್ಲಿ ಮಗ ಬೆಳಿಗ್ಗೆ ಆರಕ್ಕೆಲ್ಲ ಪಿಕಪ್ ತೆಗೆದುಕೊಂಡು ಆಳುಗಳನ್ನು ಕರೆತರಲು ಹೋಗುತ್ತಾನೆ. ಆಟೋದವರೂ ಅದೇ ಕೆಲಸದಲ್ಲಿ ಇರುತ್ತಾರೆ. ಹಾಗಾಗಿ ನಾದಿನಿಯನ್ನು ಕರೆದುಕೊಂಡು ಹೋಗುವುದು ನನ್ನ ಪಾಲಿನ ಕೆಲಸ. ಈ ಕಾರು ಸ್ಟಾರ್ಟ್ ಆದರೆ ಅವಳು ಇದ್ದಾಳೆ, ಆಗದಿದ್ದರೆ ಇಲ್ಲ. ಲೆಕ್ಕ ಅಷ್ಟು ನೇರ ಇತ್ತು.

ದೀಪಾವಳಿ ಕಳೆದು ಹಣ್ಣು ಕೆಂಪಾಗುವ ಹೊತ್ತಿಗೆ ಕಾರಿಗೆ ಸುರುವಾಯಿತು.

ಮೊದಲ ಸಲ, ಒಂದು ಮಂಗಳವಾರ, ಕೀ ತಿರುಗಿಸಿದಾಗ ಬರೀ ಟಕ್ ಅಂತು. ಕಾರು ಸ್ಟಾರ್ಟ್ ಆಗದಿರುವುದರಲ್ಲೂ ಬೇರೆ ಬೇರೆ ಜಾತಿ ಇದೆ. ಗೊರ ಗೊರ ಅಂತ ನಿಧಾನ ತಿರುಗಿ ನಿಂತರೆ ಬ್ಯಾಟರಿ ಬಡವಾಗಿದೆ ಅಂತ. ಚೆನ್ನಾಗಿ ತಿರುಗಿಯೂ ಹತ್ತದಿದ್ದರೆ ಪೆಟ್ರೋಲೋ, ಪ್ಲಗ್ಗೋ. ಏನೂ ಸದ್ದೇ ಇಲ್ಲದಿದ್ದರೆ ಕೀ ಹತ್ತಿರ ಎಲ್ಲೋ ವೈರ್ ಬಿಟ್ಟಿದೆ. ಬರೀ ಟಕ್ ಅಂದರೆ, ಕರೆಂಟು ಬಾಗಿಲ ತನಕ ಬಂದು ಒಳಗೆ ಹೋಗುತ್ತಿಲ್ಲ ಅಂತ. ಇಷ್ಟು ನನ್ನ ಗಂಡ ಹೇಳಿಕೊಟ್ಟಿದ್ದರು. ಹೆಡ್‌ಲೈಟ್ ಹಾಕಿ ಕೀ ತಿರುಗಿಸಿದೆ. ಎದುರಿನ ಸಿಲ್ವರ್ ಓಕ್ ಮರದ ಮೇಲೆ ಬಿದ್ದಿದ್ದ ಬೆಳಕು ಸತ್ತೇ ಹೋಯಿತು. ಕೀ ಬಿಟ್ಟೆ, ತಿರುಗಿ ಬಂತು.

ಹೊತ್ತು ಇರಲಿಲ್ಲ. ಉರುಳಿಸಿದೆ. ಹಿಡಿಯಿತು. ಹೋದೆವು. ಆಸ್ಪತ್ರೆಯ ಹತ್ತಿರವೂ ಇಳಿಜಾರು ನೋಡಿಯೇ ನಿಲ್ಲಿಸಿದ್ದರಿಂದ ಬರುವಾಗಲೂ ಉರುಳಿಸಿಕೊಂಡೇ ಬಂದೆವು.

ಬುಧವಾರ ನೋಡಿದರೆ ಒಂದೇ ಕೀಗೆ ಸ್ಟಾರ್ಟ್ ಆಯಿತು. ಬಾನೆಟ್ ಎತ್ತಿ ಬ್ಯಾಟರಿಯ ಎರಡೂ ಕಡೆ ಸ್ಪ್ಯಾನರ್ ಹಾಕಿ ನೋಡಿದೆ. ಗಟ್ಟಿ ಇತ್ತು. ತಲೆಯ ಮೇಲೆ ಬೂಷ್ಟಿನ ಹಾಗೆ ಬಿಳೀ ಹುಡಿ ಇತ್ತು, ಹಳೇ ಬ್ಯಾಟರಿಗೆ ಬರುವಂಥದು. ಕುದಿಯುವ ನೀರು ಹೊಯ್ದೆ, ಹೋಯಿತು. ಗುರುವಾರ ಆಲ್ದೂರಿಗೆ ಹೋಗಿ ಬಂದೆ, ತೊಂದರೆ ಇಲ್ಲ. ಶುಕ್ರವಾರ ಬೆಳಿಗ್ಗೆ ಮತ್ತೆ ಟಕ್.

ಆಲ್ದೂರಿನಿಂದ ಮೆಕ್ಯಾನಿಕ್ಕನ್ನು ಕರೆಸಿದೆ. ಅವನು ಬರುವುದು ಶನಿವಾರವೋ ಬುಧವಾರವೋ. ಅವನು ಬಂದಾಗೆಲ್ಲ ಕಾರು ಮದುವೆ ಹೆಣ್ಣಿನ ಹಾಗೆ ನಡೆದುಕೊಂಡಿತು.

"ಅಜ್ಜಿ, ಇದಕ್ಕೆ ಎಂಥದೂ ಆಗಿಲ್ಲ. ನೀವು ಕೀ ಸರಿ ತಿರುಗಿಸ್ತೀರಾ?" ಅಂದ.

"ನೀನು ಹುಟ್ಟೋಕೆ ಮೊದಲಿಂದ ತಿರುಗಿಸ್ತಾ ಇದ್ದೀನಿ ಮಾರಾಯ. ಕೈ ಹಾಕಿ ನೋಡು, ಬಾಯಿ ಆಮೇಲೆ."

ಅವನು ಒಂದು ಸಲ ಸ್ಟಾರ್ಟರ್ ಮೋಟರ್ ಬಿಚ್ಚಿ ಬ್ರಷ್ ಹಾಕಿದ. ಮುಂದಿನ ಸಲ ಕೀ ಸ್ವಿಚ್ ಬದಲು ಮಾಡಿದ. ಇನ್ನೊಂದು ಸಲ ಇಲಿ ಕಡಿದಿದೆ ಅಂತ ಕೆಂಪು ವೈರ್ ಒಂದನ್ನು ತೋರಿಸಿ ಟೇಪು ಸುತ್ತಿದ. ಕಡೆಗೆ ಹೊಸ ಬ್ಯಾಟರಿಯನ್ನೇ ತಂದು ಕೂರಿಸಿದೆವು. ಸೋಮವಾರ ಮಧ್ಯಾಹ್ನ ಕೂರಿಸಿದ್ದು. ಮಂಗಳವಾರ ಬೆಳಿಗ್ಗೆ ಟಕ್ ಅಂತು.

ಹೊಸ ಬ್ಯಾಟರಿ ಒಂದು ರಾತ್ರಿಗೆ ಹಾಳಾಗುವುದಿಲ್ಲ. ಮತ್ತೆ, ಇದು ವಾರ ನೋಡಿಕೊಂಡು ಹಾಳಾಗುತ್ತಿತ್ತು.

ನನಗಿಂತ ಮೊದಲು ಅದನ್ನು ಬಾಯಿ ಬಿಟ್ಟು ಹೇಳಿದ್ದು ಹಣ್ಣು ಕೊಯ್ಯುವ ಹೆಂಗಸರ ಮೇಸ್ತ್ರಿ. ಅವಳೂ ನನ್ನಷ್ಟೇ ಹಳಬಳು. ಕಣದಲ್ಲಿ ಹಣ್ಣು ಅಳೆಯುವಾಗ ಹತ್ತಿರ ಬಂದು, "ಅಮ್ಮಾ, ಮಂಗಳವಾರ ಶುಕ್ರವಾರ ಚೌಡಿ ವಾರ. ಶೆಡ್ಡು ಕಟ್ಟಿದ್ದು ಅವಳು ಓಡಾಡೋ ಜಾಗದಲ್ಲಿ. ಒಂದು ಕೋಳಿ ಕೊಟ್ಟುಬಿಡಿ," ಅಂದಳು. ಚೌಡಿ ಅಂದರೆ ನಮ್ಮ ಕಡೆ ತೋಟ ಕಾಯುವ ದೈವ, ಕೂದಲು ಬಿಚ್ಚಿಕೊಂಡು ಓಡಾಡುತ್ತಾಳೆ ಅಂತಾರೆ.

"ಇಪ್ಪತ್ತು ವರ್ಷದಿಂದ ಆ ಶೆಡ್ಡಲ್ಲೇ ಕಾರು ನಿಂತಿದೆ. ಈಗ ಎಚ್ಚರ ಆಯ್ತಾ ಅವಳಿಗೆ?"

"ನಗಾಡಬೇಡಿ ಅಮ್ಮಾ. ಯಾರನ್ನೋ ಕರೀತಾ ಇದಾಳೆ ಅಷ್ಟೇ."

ಯಾರನ್ನು ಅಂತ ಅವಳು ಹೇಳಲಿಲ್ಲ. ಆದರೆ ಜಗಲಿಯ ಕಡೆ ನೋಡಿದಳು. ಜಗಲಿಯಲ್ಲಿ ನಾದಿನಿ ಕಾಲು ಚಾಚಿ ಕೂತಿದ್ದಳು. ಆ ಕಾಲು ಬಾಳೆದಿಂಡಿನ ಹಾಗೆ ಊದಿತ್ತು.

ಕೋಳಿ ಕೊಡಲಿಲ್ಲ. ಆದರೆ ಸೊಸೆ ಚಕ್ರಕ್ಕೆ ಲಿಂಬೆಹಣ್ಣು ಇಟ್ಟಿದ್ದನ್ನು ನೋಡಿಯೂ ಸುಮ್ಮನಿದ್ದೆ. ಹೆದರಿಕೆ ಇರಲಿಲ್ಲ ಅಂದರೆ ಸುಳ್ಳು. ಒಂದು ಶುಕ್ರವಾರ ಉರುಳಿಸಿದರೂ ಹಿಡಿಯಲಿಲ್ಲ. ಕಾರು ಸದ್ದಿಲ್ಲದೆ ಇಳಿದು ಕಣದ ಪಕ್ಕ ಹೋಗಿ ನಿಂತಿತು. ನಾನು ಫೋನು ಮಾಡಿ, ಮಗ ಬಂದು ಪಿಕಪ್ಪಿನಲ್ಲಿ ಕೂರಿಸಿಕೊಂಡು ಹೋಗುವಾಗ ಎಂಟೂವರೆ. ಅವತ್ತು ಅವಳಿಗೆ ಸಿಕ್ಕಿದ್ದು ಎರಡೇ ಗಂಟೆ ಮೆಷಿನ್ನು. ಆ ವಾರ ದಿಂಬಿಗೆ ಒರಗಿ ಕೂತೇ ಮಲಗಿದಳು. ಉಸಿರು ಎಳೆಯುವಾಗ ಒಳಗೆಲ್ಲೋ ಗೊರ ಗೊರ ಅಂತ ಕೇಳುತ್ತಿತ್ತು.

"ಬ್ಯಾಟರಿ ಡೌನ್," ಅಂದಳು ನನ್ನ ಮುಖ ನೋಡಿ. ಅವಳ ತಮಾಷೆ ಯಾವಾಗಲೂ ಹಾಗೆಯೇ.

ಈಗ ಬೇಲಿಯ ವಿಷಯ ಹೇಳಬೇಕು. ಅದಿಲ್ಲದೆ ಉಳಿದದ್ದು ಅರ್ಥ ಆಗುವುದಿಲ್ಲ. ನಮ್ಮ ಕಡೆ ಆನೆ ಕಾಟ ಜಾಸ್ತಿ ಆದ ಮೇಲೆ ಮನೆಯ ಸುತ್ತ ಕರೆಂಟ್ ಬೇಲಿ ಹಾಕಿಸಿದೆವು. ಅದು ಬ್ಯಾಟರಿಯಲ್ಲಿ ಓಡುವ ಬೇಲಿ. ಅದರ ಬ್ಯಾಟರಿ ಸತ್ತಾಗ, ಹೊಸದು ಯಾಕೆ, ಹೇಗೂ ರಾತ್ರಿ ಕಾರು ಮಲಗಿರುತ್ತದಲ್ಲ ಅಂತ ಕಾರಿನ ಬ್ಯಾಟರಿಯನ್ನೇ ಬಿಚ್ಚಿ ಬೇಲಿಗೆ ಕೊಡುವುದು ರೂಢಿ ಆಯಿತು. ಸಂಜೆ ಕಾರಿನಿಂದ ಬೇಲಿಗೆ, ಬೆಳಿಗ್ಗೆ ಬೇಲಿಯಿಂದ ಕಾರಿಗೆ. ಎರಡು ವರ್ಷ ಹೀಗೆ ಮಾಡಿದೆವು. ನಮ್ಮಲ್ಲಿ ಸುಮಾರು ಮನೆಯವರು ಮಾಡಿದ್ದಾರೆ, ನಾಚಿಕೆಗೆ ಹೇಳಿಕೊಳ್ಳುವುದಿಲ್ಲ. ಮಗನಿಗೆ ಪುರುಸೊತ್ತು ಇರುತ್ತಿರಲಿಲ್ಲ. ಬ್ಯಾಟರಿ ಹೊತ್ತವರು ನಾನು ಮತ್ತು ನಾದಿನಿ. ಆಗ ಅವಳಿಗೆ ಕೈಕಾಲು ಗಟ್ಟಿ ಇತ್ತು. ಹಗ್ಗದ ಕುಣಿಕೆ ಕಟ್ಟಿ, ಈ ಕಡೆ ಒಬ್ಬರು ಆ ಕಡೆ ಒಬ್ಬರು, ಹೆಣ ಹೊತ್ತ ಹಾಗೆ ಹೊರುತ್ತಿದ್ದೆವು. ಹತ್ತು ನಂಬರ್ ಸ್ಪ್ಯಾನರ್, ಮೊದಲು ಕರೀ ವೈರು ಬಿಚ್ಚಬೇಕು, ಹಾಕುವಾಗ ಕರೀದು ಕಡೆಗೆ. ಇದನ್ನೆಲ್ಲ ಅವಳಿಗೆ ಕಲಿಸಿದವಳು ನಾನೇ.

ಬೇಲಿಗೆ ಬೇರೆ ಬ್ಯಾಟರಿ ತಂದು ವರ್ಷದ ಮೇಲಾಗಿತ್ತು. ಕಾರಿನ ಬ್ಯಾಟರಿಯನ್ನು ಯಾರೂ ಮುಟ್ಟುವುದಿಲ್ಲ ಅಂತ ನಾನು ತಿಳಿದಿದ್ದೆ.

ಡಿಸೆಂಬರಿನ ಒಂದು ಮಂಗಳವಾರ. ಮಂಜು ಎಷ್ಟಿತ್ತು ಅಂದರೆ ಬಾನೆಟ್ಟಿನ ಮೂತಿ ಕಾಣುತ್ತಿರಲಿಲ್ಲ. ಕೀಗೆ ಟಕ್ ಅಂತು. ಉರುಳಿಸಿದೆ, ಹಿಡಿಯಿತು. ತೋಟದ ರಸ್ತೆಯಲ್ಲಿ ಕೆರೆ ಏರಿಯ ಹತ್ತಿರ ಬಂದಾಗ ಫಾರೆಸ್ಟ್ ವಾಚರ್ ಒಬ್ಬ ಮಂಜಿನೊಳಗಿಂದ ಎದ್ದು ಬಂದು ಕೈ ಅಡ್ಡ ಹಿಡಿದ.

"ಆಫ್ ಮಾಡಿ ಅಮ್ಮಾ. ಗುಂಪು ದಾಟ್ತಾ ಇದೆ. ಮರಿ ಇದೆ ಜೊತೆಗೆ."

"ಆಫ್ ಮಾಡಿದ್ರೆ ಇದು ಮತ್ತೆ ಹತ್ತಲ್ಲ ಮಾರಾಯ. ಇಲ್ಲಿ ಇಳಿಜಾರಿಲ್ಲ."

"ಸದ್ದು ಆದ್ರೆ ಅದು ತಿರುಗುತ್ತೆ. ಆಫ್ ಮಾಡಿ."

ಆಫ್ ಮಾಡಿದೆ. ಸಮತಟ್ಟಿನ ಮೇಲೆ ನಾನು ಇಂಜಿನ್ ನಿಲ್ಲಿಸಿದ್ದು ಆ ವರ್ಷ ಅದೇ ಮೊದಲು. ಐದಾರು ಕಪ್ಪು ಆಕಾರ ರಸ್ತೆ ದಾಟಿದವು. ಹೆಜ್ಜೆ ಸದ್ದೇ ಇಲ್ಲ. ಗಿಡಕ್ಕೆ ಮೈ ಉಜ್ಜುವ ಸದ್ದು ಮಾತ್ರ. ವಾಚರು ಫೋನಿನಲ್ಲಿ ಪಿಸುಗುಡುತ್ತಾ ಅವುಗಳ ಹಿಂದೆ ಹೋದ. ಹೋಗುವಾಗ ಹೊರಡಿ ಅಂತ ಕೈ ಮಾಡಿದ.

ಕೀ ತಿರುಗಿಸಿದೆ. ಟಕ್. ಇನ್ನೊಂದು ಸಲ. ಟಕ್.

ಗಂಟೆ ಏಳು ಹತ್ತು. ಹೆಡ್‌ಲೈಟ್ ಹಾಕಿ ಕೀ ತಿರುಗಿಸಿದರೆ ಬೆಳಕು ಸಾಯುತ್ತಿತ್ತು, ಎಂದಿನ ಹಾಗೆ. ನಾದಿನಿ ಪಕ್ಕದಲ್ಲಿ ಬಾಯಿ ತೆರೆದು ಉಸಿರು ಎಳೆಯುತ್ತಿದ್ದಳು. ಆಗ ನನ್ನ ಬಲಕ್ಕೆ, ಕೆರೆಯ ಆಚೆ ಬದಿಯ ಕಾಫಿಯಲ್ಲಿ, ಒಂದು ಕೊಂಬೆ ಮುರಿದ ಸದ್ದು ಬಂತು. ಗುಂಪು ಹೋಗಿದ್ದು ಎಡಕ್ಕೆ.

ಗುಂಪಿನ ಹಿಂದೆ ದೂರದಲ್ಲಿ ಒಂಟಿ ಗಂಡು ಬರುವುದುಂಟು. ವಾಚರಿಗೆ ಅದು ಗೊತ್ತಿರಬೇಕಿತ್ತು. ನನಗೂ ಗೊತ್ತಿರಬೇಕಿತ್ತು.

"ಇಳೀಬೇಡ ಅತ್ತಿಗೆ," ಅಂದಳು.

"ಇಳೀದೆ ಏನು ಮಾಡ್ಲಿ? ನಿನ್ನ ಹೊತ್ಕೊಂಡು ಓಡ್ಲಾ? ನೀನು ಎಷ್ಟು ತೂಕ ಇದ್ದೀಯ ಗೊತ್ತಾ, ನೀರು ಸೇರಿಸಿ?"

ಇನ್ನೊಂದು ಕೊಂಬೆ ಮುರಿಯಿತು. ಹತ್ತಿರದಲ್ಲಿ. ಆ ವಾಸನೆಯೂ ಬಂತು, ಹಸೀ ಲದ್ದಿಯ ವಾಸನೆ. ನಾನು ಬಾಗಿಲು ತೆಗೆದು ಕಾಲು ಹೊರಗಿಟ್ಟೆ. ಸ್ಟಾರ್ಟರನ್ನು ಕುಟ್ಟಿ ನೋಡೋಣ ಅಂತ ಸೀಟಿನ ಕೆಳಗಿದ್ದ ಕಬ್ಬಿಣದ ತುಂಡಿಗೆ ಕೈ ಹಾಕಿದೆ. ಆಗ ಅವಳು ನನ್ನ ಸೆರಗು ಹಿಡಿದಳು.

"ಕರಿ ವೈರ್ ನೋಡು ಮೊದಲು. ಕರೀದು. ಬೇರೆ ಎಂಥದೂ ನೋಡಬೇಡ."

ಆ ಹೊತ್ತಿಗೆ ನಾನು ಏನೂ ಯೋಚಿಸಲಿಲ್ಲ. ಬಾನೆಟ್ ಎತ್ತಿದೆ. ಎತ್ತಿದ ಮೇಲೆ ಮುಂದೆ ಏನೂ ಕಾಣುವುದಿಲ್ಲ, ಅದೊಂದು ಕಷ್ಟ. ಕಿವಿಯನ್ನು ಕಾಫಿಯ ಕಡೆ ಕೊಟ್ಟು ಕೈ ಒಳಗೆ ಹಾಕಿದೆ. ಕರೀ ವೈರಿನ ಕ್ಲಾಂಪು ಬ್ಯಾಟರಿಯ ಬುಗುಟಿನ ಮೇಲೆ ದೊಗಳೆ ಬಳೆಯ ಹಾಗೆ ತಿರುಗಿತು. ನೋಡುವುದಕ್ಕೆ ಕೂತಿದೆ, ಮುಟ್ಟಿದರೆ ಇಲ್ಲ. ಸ್ಪ್ಯಾನರ್ ಶೆಡ್ಡಿನ ಮೊಳೆಯಲ್ಲಿ ನೇತಾಡುತ್ತಿತ್ತು. ಬಿಗಿ ಮಾಡಲು ಏನೂ ಇಲ್ಲ. ತುರುಬಿನಿಂದ ಎರಡು ಕಬ್ಬಿಣದ ಪಿನ್ನು ಕಿತ್ತು, ಕ್ಲಾಂಪಿಗೂ ಬುಗುಟಿಗೂ ನಡುವೆ ತುರುಕಿದೆ. ಆ ಕಬ್ಬಿಣದ ತುಂಡಿನಿಂದ ಎರಡು ಸಲ ಕುಟ್ಟಿದೆ. ಕುಟ್ಟಿದ ಸದ್ದಿಗೆ ಕಾಫಿಯೊಳಗಿನ ಸದ್ದು ನಿಂತಿತು. ಅದು ನಿಂತಿದ್ದು, ಮುರಿಯುತ್ತಿದ್ದುದಕ್ಕಿಂತ ಕೆಟ್ಟದಾಗಿತ್ತು.

ಬಾನೆಟ್ ಹಾಕಿ, ಒಳಗೆ ಕೂತು, ಕೀ ತಿರುಗಿಸಿದೆ. ಹೊಸ ಗಾಡಿಯ ಹಾಗೆ ಹತ್ತಿತು.

ನೂರು ಮಾರು ಹೋದ ಮೇಲೆ ಕನ್ನಡಿಯಲ್ಲಿ ನೋಡಿದೆ. ಮಂಜು ತೆಳುವಾಗಿತ್ತು. ನಾವು ನಿಂತಿದ್ದ ಜಾಗದಲ್ಲಿ ರಸ್ತೆ ಕಾಣಲಿಲ್ಲ. ರಸ್ತೆಯ ಅಗಲಕ್ಕೆ ಅದು ನಿಂತಿತ್ತು.

ವಸ್ತಾರೆ ಊರು ದಾಟಿದೆವು. ಆಮೇಲೆ ಅವಳು, "ನಿನ್ನ ತಲೆ ಕೂದಲು ಬಿಚ್ಚಿದೆ, ಚೌಡಿ ಹಾಗೆ ಕಾಣ್ತೀಯ," ಅಂದಳು.

ಅವಳನ್ನು ಮೆಷಿನ್ನಿಗೆ ಹಾಕಿದ ಮೇಲೆ ಹೊರಗಿನ ಬೆಂಚಿನಲ್ಲಿ ಕೂತೆ. ಬೆರಳಿನ ತುದಿಯಲ್ಲಿ ಬಿಳೀದು ಅಂಟಿತ್ತು, ಕ್ಲಾಂಪಿನಿಂದ ಬಂದಿದ್ದು. ಬ್ಯಾಟರಿಯ ಬೂಷ್ಟು ಅಂದುಕೊಂಡು ನಲ್ಲಿಯಲ್ಲಿ ತೊಳೆದೆ. ಹೋಗಲಿಲ್ಲ. ಬ್ಯಾಟರಿಯ ಬೂಷ್ಟು ಹುಡಿಹುಡಿಯಾಗಿ ಇರುತ್ತದೆ, ನೀರಿಗೆ ಹೋಗುತ್ತದೆ. ಇದು ಬೆಣ್ಣೆಯ ಹಾಗೆ ಅಂಟಿ, ಒಣಗಿದ ಕಡೆ ಚರ್ಮವನ್ನು ಎಳೆದು ಹಿಡಿದಿತ್ತು. ಮೂಸಿ ನೋಡಿದೆ. ಸುಣ್ಣ. ಎಲೆಗೆ ಹಚ್ಚುವ ಸುಣ್ಣ. ಸುಣ್ಣದಲ್ಲೇ ಎಲೆಯ ವಾಸನೆಯೂ ಇತ್ತು. ಅಲ್ಲದೆ ಹೊಸ ಬ್ಯಾಟರಿ ಹಾಕಿ ಎಷ್ಟು ದಿನ ಆಗಿತ್ತು? ಅದಕ್ಕೆ ಬೂಷ್ಟು ಎಲ್ಲಿಂದ ಬರಬೇಕು.

ನಮ್ಮ ಮನೆಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದವಳು ಒಬ್ಬಳೇ. ಡಾಕ್ಟರು ಬಿಡಿ ಅಂದಿದ್ದರು. ಬಿಟ್ಟಿದ್ದೀನಿ ಅಂತ ಅವಳು ನನ್ನ ತಲೆಯ ಮೇಲೆ ಕೈ ಇಟ್ಟು ಆಣೆ ಮಾಡಿದ್ದಳು. ತನ್ನ ತಲೆಯ ಮೇಲೆ ಅಲ್ಲ, ನನ್ನ ತಲೆಯ ಮೇಲೆ. ಆಗಲೇ ನನಗೆ ತಿಳಿಯಬೇಕಿತ್ತು.

ಬೆಂಚಿನಲ್ಲಿ ಕೂತು ಒಂದೊಂದೇ ಜೋಡಿಸಿದೆ. ಮಂಗಳವಾರ, ಶುಕ್ರವಾರ. ಬುಧವಾರ ನೋಡಿದರೆ ಗಟ್ಟಿ. ಹತ್ತು ನಂಬರ್ ಸ್ಪ್ಯಾನರ್. ಕರೀದು ಮೊದಲು. ಚೌಡಿಗೆ ಸ್ಪ್ಯಾನರ್ ಹಿಡಿಯಲು ಬರುವುದಿಲ್ಲ. ಇವಳಿಗೆ ಬರುತ್ತದೆ.

ಅವತ್ತು ಕೇಳಲಿಲ್ಲ. ಮೆಷಿನ್ನಿಂದ ಬಂದ ದಿನ ಅವಳು ಹಿಂಡಿದ ಬಟ್ಟೆಯ ಹಾಗೆ ಇರುತ್ತಾಳೆ. ನಾನು ಮನೆಗೆ ಬಂದು ಕ್ಲಾಂಪನ್ನು ಸರಿಯಾಗಿ ಬಿಗಿ ಮಾಡಿದೆ. ಗುರುವಾರ ಸಂಜೆ, ಹೊತ್ತು ಇನ್ನೂ ಮುಳುಗದಿರುವಾಗ, ಶೆಡ್ಡಿಗೆ ಹೋಗಿ ಕಾರಿನ ಹಿಂದಿನ ಸೀಟಿನಲ್ಲಿ ಕೂತೆ. ಗಾಜು ಇಳಿಸಿದ್ದೆ. ಕಣದಲ್ಲಿ ಮಗ ಆಳುಗಳ ಜೊತೆ ಜೋರಾಗಿ ಮಾತಾಡುತ್ತಿದ್ದ. ಸೊಸೆ ಮಕ್ಕಳಿಗೆ ಏನೋ ಓದಿಸುತ್ತಿದ್ದಳು.

ಗೋಡೆ ಹಿಡಿದುಕೊಂಡು ಅವಳು ಬಂದಳು. ನಾಲ್ಕು ಹೆಜ್ಜೆಗೆ ಒಂದು ಸಲ ನಿಲ್ಲುತ್ತಿದ್ದಳು. ಮೊಳೆಯಿಂದ ಸ್ಪ್ಯಾನರ್ ತೆಗೆದು ಬಾನೆಟ್ ಎತ್ತಿದಳು. ಅದನ್ನು ಎತ್ತಲು ಅವಳಿಗೆ ಎಷ್ಟು ಹೊತ್ತು ಹಿಡಿಯಿತು ಅಂದರೆ, ಇಳಿದು ಹೋಗಿ ಎತ್ತಿಕೊಡೋಣ ಅನ್ನಿಸಿತು.

"ಎಡಕ್ಕೆ ತಿರುಗಿಸಿದ್ರೆ ಸಡಿಲ ಆಗ್ತದೆ," ಅಂದೆ ಒಳಗಿಂದ.

ಅವಳು ಬೆಚ್ಚಲಿಲ್ಲ. ಬಾನೆಟ್ಟಿನ ಆಚೆಯಿಂದಲೇ, "ಗೊತ್ತು. ನೀನೇ ಕಲಿಸಿದ್ದು," ಅಂದಳು.

"ಬೇಡ ಅಂದ್ರೆ ಬಾಯಲ್ಲಿ ಹೇಳೋಕೆ ಏನಾಗಿತ್ತು ನಿನಗೆ? ಎರಡು ತಿಂಗಳಿಂದ ಆ ಮೆಕ್ಯಾನಿಕ್ ಈ ಕಾರನ್ನ ಕೋಳಿ ತರ ಬಿಚ್ಚಿ ಹಾಕಿದಾನೆ."

"ಹೇಳಿದ್ರೆ ನೀನು ಕೇಳ್ತೀಯಾ?"

"ಇಲ್ಲ."

"ನಿನ್ನ ಮಗ ಕೇಳ್ತಾನಾ?"

"ಇಲ್ಲ."

"ಮತ್ತೆ? ನಾನು ಬೇಡ ಅಂದ್ರೆ ನನ್ನ ತಪ್ಪು. ನೀವು ಬಿಟ್ರೆ ನಿಮ್ಮ ತಪ್ಪು. ಕಾರು ಹಾಳಾದ್ರೆ ಯಾರ ತಪ್ಪೂ ಅಲ್ಲ. ಹಳೇ ಕಾರು, ಕೈ ಕೊಡ್ತು ಅಂತಾರೆ."

ನಾನು ಇಳಿದು ಮುಂದೆ ಬಂದೆ. ಅವಳು ರೇಡಿಯೇಟರಿನ ಮೇಲೆ ಎರಡೂ ಕೈ ಊರಿ ನಿಂತಿದ್ದಳು. ಬೆರಳಿಗೆ ಸುಣ್ಣ.

"ಆನೆ ತುಳಿದಿದ್ರೆ?" ಅಂದೆ.

"ಅದಕ್ಕೇ ಅಲ್ವಾ ಕರೀದು ಅಂತ ಬಾಯಿ ಬಿಟ್ಟಿದ್ದು. ನಿನ್ನನ್ನೂ ಜೊತೆಗೆ ಕರ್ಕೊಂಡು ಹೋಗಿ ಏನು ಮಾಡ್ಲಿ? ಅಲ್ಲೂ ಅದೇ ಉಪ್ಪಿನ ಸಾರು."

"ಬುಧವಾರ ಯಾಕೆ ಗಟ್ಟಿ ಇರ್ತಿತ್ತು?"

"ಬಂದ ದಿನವೇ ಹೇಗೋ ಎದ್ದು ಬಂದು ನಾನೇ ಬಿಗಿ ಮಾಡ್ತಿದ್ದೆ. ನಿನಗೆ ಆಲ್ದೂರಿಗೆ ಹೋಗಬೇಕಲ್ಲ."

ಆಮೇಲೆ ಅವಳು ಸಮಾಧಾನವಾಗಿ ಹೇಳಿದಳು. ಸೂಜಿಗೆ ಹೆದರಿಕೆ ಇಲ್ಲ. ಹಿಂದಿನ ದಿನ ಪೂರ್ತಿ ನಾಳೆ ಹೋಗಬೇಕಲ್ಲ ಅಂತ ಹೋಗುತ್ತದೆ. ಆ ದಿನ ಅಲ್ಲೇ ಹೋಗುತ್ತದೆ. ಮಾರನೇ ದಿನ ತಲೆ ಎತ್ತಲು ಆಗುವುದಿಲ್ಲ. ಹೀಗೆ ಎರಡು ಸುತ್ತು ಆದರೆ ವಾರದಲ್ಲಿ ತನಗೆ ಅಂತ ಉಳಿಯುವುದು ಒಂದು ಭಾನುವಾರ. ಆ ಒಂದು ದಿನಕ್ಕೆ ಇಷ್ಟೆಲ್ಲ ಯಾಕೆ. ಇಷ್ಟೇ ಅವಳು ಹೇಳಿದ್ದು. ಅಳಲಿಲ್ಲ. ನಾನೂ ಅಳಲಿಲ್ಲ. ನಾನು ಬೈದೆ. ಎಲೆ ಅಡಿಕೆಗೂ ಸೇರಿಸಿ ಬೈದೆ.

ಆ ಶುಕ್ರವಾರ ಆಸ್ಪತ್ರೆಯಲ್ಲಿ ಅವಳೇ ಡಾಕ್ಟರ ಹತ್ತಿರ ಹೇಳುವ ಹಾಗೆ ಮಾಡಿದೆ. ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡು ಬಹಳ ಹೊತ್ತು ಕೇಳಿದರು. ನಿಲ್ಲಿಸಿದರೆ ಏನೇನು ಆಗುತ್ತದೆ, ಎಷ್ಟು ದಿನದಲ್ಲಿ ಆಗುತ್ತದೆ ಅಂತ ಅವಳಿಗೆ ಅರ್ಥ ಆಗುವ ಹಾಗೆ ಹೇಳಿದರು. ಕಡೆಗೆ ನನ್ನ ಕಡೆ ತಿರುಗಿ, ಬೇಕೋ ಬೇಡವೋ ಅಂತ ಹೇಳಬೇಕಾದವರು ಅವರೇ, ನಾನೂ ಅಲ್ಲ, ನೀವೂ ಅಲ್ಲ, ಅಂದರು. ಮಗ ಒಪ್ಪಲಿಲ್ಲ. ಎರಡು ದಿನ ಅನ್ನ ಬಿಟ್ಟ. ಸಣ್ಣವನಿದ್ದಾಗ ಅವನನ್ನು ನನಗಿಂತ ಜಾಸ್ತಿ ಎತ್ತಿ ಆಡಿಸಿದವಳು ಅವಳೇ.

ನಾನು ಹತ್ತು ನಂಬರ್ ಸ್ಪ್ಯಾನರನ್ನು ಅವಳ ಕೈಗೆ ಕೊಟ್ಟೆ. "ಇನ್ನು ಮೇಲೆ ಪ್ರತಿ ಸಲ ಹೊರಡೋ ಮೊದಲು ಕರೀದನ್ನ ನೀನೇ ಬಿಗಿ ಮಾಡು. ಮಾಡಿದ್ರೆ ಹೋಗೋಣ. ಬೇಡ ಅನ್ನಿಸಿದ ದಿನ ಬಾಯಲ್ಲಿ ಹೇಳು. ನಾನು ಒಳಗೆ ಹೋಗಿ ಅನ್ನಕ್ಕೆ ಇಡ್ತೀನಿ. ಕದ್ದು ಮಾಡಬೇಡ. ಕಾರಿನ ಮೇಲೆ ಹಾಕಬೇಡ."

"ಬೈಯಲ್ವಾ?"

"ಬೈತೀನಿ."

ಅವಳು ಬಿಗಿ ಮಾಡಿದಳು. ಹಣ್ಣು ಮುಗಿಯುವ ತನಕ ಮಾಡಿದಳು. ಬೆಳಿಗ್ಗೆ ಆರಕ್ಕೆ ಶೆಡ್ಡಿನಲ್ಲಿ ಸ್ಪ್ಯಾನರ್ ತಿರುಗುವ ಸದ್ದು ಕೇಳಿದ ಮೇಲೆಯೇ ನಾನು ಒಲೆಯ ಮುಂದಿನಿಂದ ಏಳುತ್ತಿದ್ದೆ. ಆ ಸದ್ದಿಗೆ ಕಾಯುವುದು ಹೇಗಿರುತ್ತದೆ ಅಂತ ನಾನು ಬರೆಯುವುದಿಲ್ಲ. ಕೆಲವು ದಿನ ಅದು ತಡವಾಗಿ ಬರುತ್ತಿತ್ತು. ಹಾಲು ಉಕ್ಕಿ ಒಲೆಗೆ ಚೆಲ್ಲಿದ್ದೂ ಗೊತ್ತಾಗುತ್ತಿರಲಿಲ್ಲ. ಕಾರು ಮಾತ್ರ ಆ ಮೂರು ತಿಂಗಳು ಒಂದು ದಿನವೂ ಟಕ್ ಅನ್ನಲಿಲ್ಲ. ಮೇಸ್ತ್ರಿ ಹೆಂಗಸು, "ಕೋಳಿ ಕೊಟ್ರಾ ಅಮ್ಮಾ?" ಅಂತ ಕೇಳಿದಳು. ಹೂಂ ಅಂದೆ.

ಮಾರ್ಚಿನಲ್ಲಿ ಹೂಮಳೆ ಬಿದ್ದು ಎಂಟೊಂಬತ್ತು ದಿನಕ್ಕೆ ಕಾಫಿ ಹೂ ಬಿಟ್ಟಿತ್ತು. ಮನೆಯ ಸುತ್ತ ಎಲ್ಲ ಬೆಳ್ಳಗೆ. ವಾಸನೆಗೆ ತಲೆ ನೋಯುತ್ತಿತ್ತು. ಮಂಗಳವಾರ. ಆರು ಗಂಟೆ ಆಯಿತು, ಆರೂಕಾಲು ಆಯಿತು. ಶೆಡ್ಡಿನಿಂದ ಸದ್ದು ಬರಲಿಲ್ಲ. ಹೊರಗೆ ಬಂದೆ. ಅವಳು ಜಗಲಿಯಲ್ಲಿ ಶಾಲು ಹೊದ್ದು ತೋಟದ ಕಡೆ ನೋಡುತ್ತಾ ಕೂತಿದ್ದಳು. ಸ್ಪ್ಯಾನರ್ ಪಕ್ಕದಲ್ಲಿತ್ತು.

"ಇವತ್ತು ಬೇಡ ಅತ್ತಿಗೆ," ಅಂದಳು. ಬಾಯಲ್ಲೇ ಹೇಳಿದಳು.

ಒಳಗೆ ಹೋಗಿ ಅನ್ನಕ್ಕೆ ಇಡುತ್ತೇನೆ ಅಂತ ಮಾತು ಕೊಟ್ಟವಳು ನಾನು. ಇಡಲಿಲ್ಲ. ಸ್ಪ್ಯಾನರ್ ತೆಗೆದುಕೊಂಡು ಶೆಡ್ಡಿಗೆ ಹೋದೆ, ಬಾನೆಟ್ ಎತ್ತಿದೆ, ಕರೀದಕ್ಕೆ ಸ್ಪ್ಯಾನರ್ ಕೊಟ್ಟೆ. ಅದು ತಿರುಗಲಿಲ್ಲ. ಗಟ್ಟಿಯೇ ಇತ್ತು. ಶುಕ್ರವಾರ ಅವಳು ಬಿಗಿ ಮಾಡಿದ್ದು ಹಾಗೇ ಇತ್ತು. ಒಳಗೆ ಕೂತು ಕೀ ತಿರುಗಿಸಿದೆ. ಹತ್ತಿತು. ಅವಳಿಗೆ ಕೇಳಲಿ ಅಂತ ಸ್ವಲ್ಪ ಹೊತ್ತು ಓಡಲು ಬಿಟ್ಟೆ. ಒಂದು ಸಲ ಹಾರನ್ನೂ ಹೊಡೆದೆ. ಆಮೇಲೆ ಆಫ್ ಮಾಡಿ ಬಂದೆ.

"ಒಂದೇ ಕೀಗೆ ಹತ್ತಿತಾ?" ಅಂತ ಕೇಳಿದಳು.

"ಒಂದೇ ಕೀಗೆ."

"ಕಾರಿಗೆ ಎಂಥದೂ ಆಗಿಲ್ಲ ಹಾಗಾದ್ರೆ."

"ಇಲ್ಲ."

"ಸರಿ. ಅನ್ನಕ್ಕೆ ಇಡು. ಉಪ್ಪು ನೋಡಿ ಹಾಕು."

ಹನ್ನೊಂದು ದಿನ ಇದ್ದಳು. ಡಾಕ್ಟರು ಉಸಿರಿಗೆ ಅಂತ ಕೊಟ್ಟ ಔಷಧಿ ಕೆಲಸ ಮಾಡಿತು. ಪೂರ್ತಿ ಅಲ್ಲ. ಎಲೆ ಅಡಿಕೆಯನ್ನು ನಾನೇ ಕಟ್ಟಿ ಕೊಟ್ಟೆ.

ಮೊನ್ನೆ ಬ್ರೇಕಿನ ಕೆಲಸಕ್ಕೆ ಅಂತ ಕಾರನ್ನು ಆಲ್ದೂರಿಗೆ ತೆಗೆದುಕೊಂಡು ಹೋಗಿದ್ದೆ. ಮೆಕ್ಯಾನಿಕ್ ಚಕ್ರ ಬಿಚ್ಚುತ್ತಾ, "ಅಜ್ಜಿ, ಆ ಸ್ಟಾರ್ಟಿಂಗ್ ಟ್ರಬಲ್ ಕಡೆಗೆ ಏನಾಗಿತ್ತು?" ಅಂದ.

"ಕರೀ ವೈರ್ ಸಡಿಲ ಇತ್ತು."

"ನಾನು ಮೊದಲೇ ಹೇಳಿದ್ನಲ್ಲ ಅರ್ಥಿಂಗ್ ಅಂತ," ಅಂದ.

ಅವನು ಹೇಳಿರಲಿಲ್ಲ. ಹೂಂ ಮಾರಾಯ, ಹೇಳಿದ್ದೆ, ಅಂದೆ. ಅವನು ಸ್ಪ್ಯಾನರ್ ಹಾಕಿ ಕರೀದನ್ನು ಒಂದು ಸಲ ಬಿಗಿ ಮಾಡಲು ಹೋದ. ಅದನ್ನು ಮುಟ್ಟಬೇಡ ಅಂತ ಹೇಳಿದೆ.